ಎಣ್ಣೆ ಹತ್ತಿದ ಕಮಾನು

ಕುಸುಮ, ಆ ದಿನ ನನ್ನ ಪಿಟೀಲು ತಾನಾಗಿ ಕೆಟ್ಟಿರಲಿಲ್ಲ. ಕೆಡಿಸಿದವಳು ನಾನು — ಬೇಕೆಂದೇ, ಕೋಣೆಯ ಬಾಗಿಲು ಹಾಕಿಕೊಂಡು, ಗಂಡಿನ ಕಡೆಯವರು ಹಜಾರದಲ್ಲಿ ಕುಳಿತು ಉಪ್ಪಿಟ್ಟು ತಿನ್ನುತ್ತಿರುವಾಗ.

ಅರವತ್ತು ವರ್ಷದ ಮೇಲಾಯಿತು, ಇದನ್ನು ನಿನಗೆ ಹೇಳಿಲ್ಲ. ನಿನಗೆ ಗೊತ್ತಿರುವುದನ್ನೂ ಮತ್ತೆ ಬರೆಯುತ್ತೇನೆ, ಸಹಿಸಿಕೋ. ನನ್ನ ಕಡೆಯಿಂದ ಅದು ಹೇಗಿತ್ತು ಎಂಬುದು ನಿನಗೆ ಗೊತ್ತಿಲ್ಲ.

ನಾವು ರಾಜಾಜಿನಗರಕ್ಕೆ ಬಂದ ಹೊಸತರಲ್ಲಿ ಎರಡು ಮನೆಗಳ ನಡುವೆ ನಾಲ್ಕು ಖಾಲಿ ಸೈಟು. ಹಿಂದಿನ ಕ್ರಾಸಿನ ಸದ್ದೆಲ್ಲ ನಮ್ಮ ಮನೆಗೇ. ಬಿನ್ನಿಪೇಟೆಯ ಮಿಲ್ಲಿನಲ್ಲಿ ಸೂಪರ್‌ವೈಸರ್ ಆಗಿದ್ದ ನಂಜುಂಡಯ್ಯನವರು — ಮುಂದೆ ನಿನ್ನ ಮಾವ ಆದವರು — ಸಂಜೆ ಆರಕ್ಕೆ ಸರಿಯಾಗಿ ಮನೆಮಂದಿಯನ್ನೆಲ್ಲ ಕೂರಿಸಿ ಬ್ಯಾಂಡು ಶುರುಮಾಡುತ್ತಿದ್ದರು. ಅವರದು ಕ್ಲಾರಿನೆಟ್, ದೊಡ್ಡ ಮಗನದು ಡ್ರಮ್, ಅವನ ಹೆಂಡತಿಯದು ಹಾರ್ಮೋನಿಯಂ, ಚಿಕ್ಕ ಮಗ ಶ್ರೀಕಂಠನದು ಬುಲ್‌ಬುಲ್ ತರಂಗ. ದೇವರನಾಮವಾಗಲಿ ಸಿನಿಮಾ ಹಾಡಾಗಲಿ, ಎಲ್ಲಕ್ಕೂ ಒಂದೇ ನಡೆ — ಲೆಫ್ಟ್ ರೈಟ್, ಲೆಫ್ಟ್ ರೈಟ್. ಜೋಗುಳವೂ ಪರೇಡಿಗೆ ಹೊರಟಂತಿರುತ್ತಿತ್ತು. ಬಡಾವಣೆಯ ನಾಮಕರಣ, ಗೃಹಪ್ರವೇಶಕ್ಕೆಲ್ಲ ಅವರೇ, ಜನ ತಲೆದೂಗುತ್ತಿದ್ದರು. ನಾನು ಆರಕ್ಕೆ ಕಿಟಕಿ ಹಾಕುತ್ತಿದ್ದೆ.

ನನಗೆ ಕಲಿಸಿದವರು ಕಾನ್ವೆಂಟಿನ ಸಿಸ್ಟರ್. ‘ಲಿಸನ್ ಫಸ್ಟ್, ಚೈಲ್ಡ್, ದೆನ್ ಪ್ಲೇ,’ ಎನ್ನುತ್ತಿದ್ದರು. ಸ್ವರ ನಿಂತ ಮೇಲೂ ಕಿವಿಗೊಡಬೇಕು ಎನ್ನುತ್ತಿದ್ದರು. ಅದರಿಂದ ನನಗೆ ಸಂಗೀತವೂ ಬಂತು, ಸ್ವಲ್ಪ ಪ್ರೈಡ್ ಕೂಡ. ನೀನು ತಂಗಿ, ಪಕ್ಕದಲ್ಲಿ ಕುಳಿತು ನನ್ನ ಕೈ ನೋಡಿಯೇ ಕಲಿತವಳು.

ನನಗೆ ಇಪ್ಪತ್ತೊಂದಾದಾಗ ನಂಜುಂಡಯ್ಯನವರೇ ಶ್ರೀಕಂಠನಿಗೆ ನನ್ನನ್ನು ಕೇಳಿದರು. ವರದಕ್ಷಿಣೆ ಬೇಡ, ಆಡಂಬರ ಬೇಡ. ಹುಡುಗಿ ಪಿಟೀಲು ಹಿಡಿದು ಬ್ಯಾಂಡಿಗೆ ಸೇರಬೇಕು, ಅಷ್ಟೆ. ಒಂದು ಭಾನುವಾರ ಅಮ್ಮನ ಜೊತೆ ಅವರ ಮನೆಗೆ ಹೋದೆ. ಡ್ರಮ್ಮಿಗೂ ಗೋಡೆಗೂ ನಡುವೆ ಒಂದು ಖಾಲಿ ಕುರ್ಚಿ ಇತ್ತು.

‘ಅದು ಬರೋ ಸೊಸೆಗಮ್ಮ. ಕೂತು ನೋಡು,’ ಎಂದರು ನಂಜುಂಡಯ್ಯನವರು, ಪ್ರೀತಿಯಿಂದಲೇ.

ಕೂತೆ. ಬಲಗೈ ಚಾಚಿದರೆ ಮೊಣಕೈಗೆ ಗೋಡೆ. ಅಲ್ಲಿ ಪೂರ್ತಿ ಕಮಾನು ಎಳೆಯಲು ಜಾಗವೇ ಇರಲಿಲ್ಲ — ಅರ್ಧ ಎಳೆಯಬೇಕು, ನಿಲ್ಲಿಸಬೇಕು, ಮತ್ತೆ ಅರ್ಧ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ, ‘ಅವರ ಸಂಗೀತ ನಂಗೆ ಹಿಡಿಸಲ್ಲಮ್ಮ.’

‘ನೀನು ಮದುವೆ ಆಗೋದು ಹುಡುಗನ್ನ ಕಣೇ, ಕ್ಲಾರಿನೆಟ್‌ನಲ್ಲ. ಸಂಗೀತ ಸರಿಯಿಲ್ಲ ಅಂತ ಸಂಬಂಧ ಬಿಟ್ಟೋರನ್ನ ನಾನಂತೂ ಕಂಡಿಲ್ಲ.’

ಅಮ್ಮ ಹೇಳಿದ್ದರಲ್ಲಿ ತಪ್ಪೇನಿತ್ತು? ಹುಡುಗ ಒಳ್ಳೆಯವನು, ಮನೆ ಒಳ್ಳೆಯದು. ಬೇಡ ಎನ್ನಲು ಯಾರೂ ಒಪ್ಪುವಂಥ ಕಾರಣ ನನ್ನ ಹತ್ತಿರ ಇರಲಿಲ್ಲ. ಹೂಂ ಎಂದರೆ — ಬದುಕಿರುವವರೆಗೂ ಸಂಜೆ ಆರು ಗಂಟೆ, ಆ ಕುರ್ಚಿ, ಆ ಗೋಡೆ. ಒಂದು ವಾರ ನನಗೆ ಅನ್ನ ಸೇರಲಿಲ್ಲ.

ಕಮಾನಿನ ಕೂದಲಿಗೆ ಎಣ್ಣೆಗೈ ತಗಲಬಾರದು ಎಂದು ಸಿಸ್ಟರ್ ಮೊದಲ ದಿನವೇ ಹೇಳಿದ್ದರು. ತಗಲಿದರೆ ಕೂದಲಿಗೆ ಉಜ್ಜುವ ರಾಳ ಹಿಡಿಯುವುದಿಲ್ಲ, ತಂತಿ ನುಡಿಯುವುದಿಲ್ಲ. ನಂಜುಂಡಯ್ಯನವರ ಮನೆಯವರು ಹೆಣ್ಣು ನೋಡಲು ಬಂದ ದಿನ ಅಮ್ಮ ನನ್ನ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದಿದ್ದಳು. ಪಿಟೀಲು ತರುತ್ತೇನೆಂದು ಒಳಗೆ ಹೋದೆ. ಜಡೆಯನ್ನು ಮುಂದಕ್ಕೆ ಎಳೆದುಕೊಂಡು ಅದರ ಮೇಲೆ ಕಮಾನು ಎಳೆದೆ — ಈ ತುದಿಯಿಂದ ಆ ತುದಿಗೆ, ಪೂರ್ತಿ ಕಮಾನು, ನಾಲ್ಕೈದು ಸಲ.

ಹೊರಗೆ ಬಂದು ನುಡಿಸಿದಾಗ ಕಮಾನು ಜಾರಿತು. ಗಂಟಲು ಕಟ್ಟಿದವರ ಉಸಿರಿನಂಥದ್ದೇನೋ ಬಂತು. ‘ನಮ್ಮ ಹಿತ್ತಲ ಬಾಗಿಲು ಇದಕ್ಕಿಂತ ವಾಸಿ,’ ಎಂದರು ನಿನ್ನ ಅತ್ತೆ, ‘ಕಾನ್ವೆಂಟ್‌ನಲ್ಲಿ ಕಲಿಸೋದು ಇಷ್ಟೇನಾ?’ ಅಪ್ಪ ತಲೆ ತಗ್ಗಿಸಿದರು. ಬಂದವರು ಎದ್ದು ಹೋಗುತ್ತಾರೆ, ಅಲ್ಲಿಗೆ ಮುಗಿಯಿತು — ನಾನು ಯೋಚಿಸಿದ್ದು ಅಷ್ಟೇ. ನಿನ್ನನ್ನು ಯೋಚಿಸಿರಲಿಲ್ಲ.

ನೀನು ಕಾಫಿಯ ತಟ್ಟೆ ಕೆಳಗಿಟ್ಟೆ. ‘ಅಕ್ಕ ಚೆನ್ನಾಗೇ ನುಡಿಸ್ತಾಳೆ ಸಾರ್. ತೊಂದರೆ ಕಮಾನಿಂದು. ಬೇಕಾದ್ರೆ ನೋಡಿ,’ ಎಂದು ಪೆಟ್ಟಿಗೆಯಿಂದ ಹಳೆಯ ಕಮಾನು ತೆಗೆದು, ನನ್ನ ಪಿಟೀಲು ಇಸಿದುಕೊಂಡು ನಾಲ್ಕು ಸಾಲು ನುಡಿಸಿದೆ. ನನ್ನ ಮಾನ ಉಳಿಸಲಿಕ್ಕೆ. ನಂಜುಂಡಯ್ಯನವರು ಕನ್ನಡಕ ತೆಗೆದು ನಿನ್ನನ್ನೇ ನೋಡಿದರು.

ಆಮೇಲೆ ನೀನು ಕಮಾನನ್ನು ನನ್ನ ಕಡೆ ಚಾಚಿದೆ. ‘ಈಗ ನುಡಿಸೇ ಅಕ್ಕ.’

ನಾನು ಕೈ ಚಾಚಲಿಲ್ಲ. ‘ಅವಳ ಕೈ ನನಗಿಂತ ಚೆನ್ನಾಗಿದೆ,’ ಎಂದೆ.

ಮೂರನೆಯ ದಿನ ನಿನ್ನನ್ನು ಕೇಳಿಕೊಂಡು ಬಂದರು. ‘ದೊಡ್ಡವಳನ್ನ ಇಟ್ಕೊಂಡು ಚಿಕ್ಕವಳಿಗೆ ಹೇಗೆ ಮಾಡೋದು?’ ಎಂದು ಅಪ್ಪ ಹಿಂಜರಿದಾಗ ನಾನೇ ಮುಂದೆ ಬಂದು ಹೇಳಿದೆ, ‘ನನಗೋಸ್ಕರ ಅವಳಿಗೆ ಬಂದಿದ್ದನ್ನ ತಪ್ಪಿಸ್ಬೇಡಿ ಅಪ್ಪ.’ ಅಮ್ಮ ಕಣ್ಣೊರೆಸಿಕೊಂಡಳು. ನೆಂಟರಲ್ಲಿ ನನ್ನ ತ್ಯಾಗದ ಮಾತು ಹಬ್ಬಿತು. ನೀನು ಆಗಷ್ಟೇ ಇಂಟರ್‌ಮೀಡಿಯೆಟ್ ಸೇರಿದ್ದೆ. ಕೆಮಿಸ್ಟ್ರಿ ಪುಸ್ತಕಕ್ಕೆ ಕಂದು ಕಾಗದದ ರಟ್ಟು ಹಾಕಿ ಹೆಸರು ಬರೆದಿದ್ದೆ. ‘ಪರೀಕ್ಷೆ ಆದ್ಮೇಲೆ ಇಟ್ಕೋಬಾರ್ದಾ?’ ಎಂದು ಒಂದೇ ಒಂದು ಸಲ ಕೇಳಿದೆ. ಅಪ್ಪ ಪಂಚಾಂಗ ತಿರುವಿದರು. ನಾನೂ ಅಲ್ಲೇ ನಿಂತಿದ್ದೆ.

ಮದುವೆಯ ಬೆಳಿಗ್ಗೆ ನಿನಗೆ ಹೂ ಮುಡಿಸುತ್ತಿದ್ದಾಗ ನೀನು ನನ್ನ ಕೈ ಹಿಡಿದುಕೊಂಡೆ. ‘ನಿಂದನ್ನ ನಾನು ಕಿತ್ಕೊಂಡ್ಬಿಟ್ಟೆ ಅಲ್ವಾ ಅಕ್ಕ? ಕ್ಷಮಿಸ್ತೀಯಾ?’

‘ಡೋಂಟ್ ಬಿ ಸಿಲ್ಲಿ,’ ಎಂದೆ. ಆಗ ಹೇಳಬಹುದಿತ್ತು — ಆಗಲಾದರೂ. ಹೇಳಲಿಲ್ಲ. ಕ್ಷಮಿಸಿದವಳ ಹಾಗೆ ನಿನ್ನ ತಲೆ ಸವರಿದೆ.

ತಂಗಿಗೆ ಮೊದಲು ಮದುವೆಯಾದ ಮನೆಯೆಂದು ನನಗೆ ಮತ್ತೆ ಸಂಬಂಧಗಳು ಬರಲಿಲ್ಲ. ಅದರಿಂದ ನನಗೆ ದುಃಖವಾಯಿತೆಂದು ನೀನು ತಿಳಿದೆ, ನಾನು ಹಾಗೇ ತಿಳಿಯಲು ಬಿಟ್ಟೆ. ಕಾನ್ವೆಂಟಿನಲ್ಲೇ ಟೀಚರಾದೆ, ಮಕ್ಕಳಿಗೆ ಪಿಟೀಲು ಹೇಳಿಕೊಟ್ಟೆ. ಐ ವಾಸ್ ಹ್ಯಾಪಿ, ಕುಸುಮ. ಇದನ್ನೂ ನಿನಗೆ ಹೇಳಿರಲಿಲ್ಲ. ನೀನು ಆ ಕುರ್ಚಿಯಲ್ಲಿ ಇಪ್ಪತ್ತೆರಡು ವರ್ಷ ಕುಳಿತೆ. ಬಸುರಿಯಾಗಿದ್ದಾಗಲೂ, ಜ್ವರ ಬಂದಾಗಲೂ. ಪ್ರತಿ ವರ್ಷ ಮದುವೆಯ ದಿನ ಹೋಳಿಗೆ ಮಾಡಿಕೊಂಡು ಬಂದು, ನಾನು ಮೊದಲ ತುತ್ತು ತಿನ್ನುವವರೆಗೆ ನೀನು ಮುಟ್ಟುವುದಿಲ್ಲ. ಅದೇ ಮಾತು ಕೇಳುತ್ತೀಯ, ನಗುತ್ತಾ — ‘ಕ್ಷಮಿಸಿದ್ದೀ ತಾನೇ?’

ನಿನ್ನ ಮಾವ ತೀರಿಕೊಂಡ ವರ್ಷ ನೀನು ಪಿಟೀಲನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಯಾಕೆ ಎಂದು ನಾನು ಕೇಳಿದೆ.

‘ಸಾಕು ಕಣಕ್ಕ. ಆ ಶಬ್ದ ನಂಗೆ ಒಂದು ದಿನಾನೂ ಹಿಡಿಸ್ಲಿಲ್ಲ. ಈ ಕುರ್ಚೀಲಿ ನೀನಿದ್ದಿದ್ರೆ ಎಷ್ಟು ಚೆನ್ನಾಗಿ ನುಡಿಸ್ತಿದ್ದೆಯೋ ಅಂತ ದಿನಾ ಅಂದ್ಕೊಂಡೇ ಕೂರ್ತಿದ್ದೆ.’

ನಾನು ಕಾಫಿ ಕುಡಿದು ಲೋಟ ತೊಳೆದಿಟ್ಟೆ.

ಎಣ್ಣೆ ಹತ್ತಿದ ಆ ಕಮಾನು ಈ ಕಾಗದದ ಜೊತೆಗಿದೆ. ಕೂದಲು ಬದಲಿಸಲೂ ಇಲ್ಲ, ಎಸೆಯಲೂ ಇಲ್ಲ. ಜಿಡ್ಡಿಗೆ ಧೂಳು ಹಿಡಿದು ಈ ತುದಿಯಿಂದ ಆ ತುದಿಗೂ ಕಪ್ಪಾಗಿದೆ, ನೋಡು. ಕೈ ತಪ್ಪಿ ತಗಲಿದ್ದಾದರೆ ಹಾಗೆ ಉದ್ದಕ್ಕೂ ಹತ್ತುವುದಿಲ್ಲ.

ಮುಂದಿನ ತಿಂಗಳು ನಿನ್ನ ಮದುವೆಯ ದಿನ. ಇದನ್ನು ಓದಿದ ಮೇಲೆ ಬರಬೇಕೆನಿಸದಿದ್ದರೆ ಬರಬೇಡ. ಬಂದರೆ ಹೋಳಿಗೆ ತರಬೇಡ, ಆ ಮಾತು ಕೇಳಬೇಡ. ಅದನ್ನು ಕೇಳಬೇಕಾದವಳು ನಾನು. ನೀನು ಚಪ್ಪಲಿ ಬಿಡುವ ಮೊದಲೇ, ಬಾಗಿಲಲ್ಲಿ ನಿಂತು, ಕೇಳುತ್ತೇನೆ.