ಜೋಗಿಮಟ್ಟಿ ಗೋಪುರದ ಕೆಳಗಿಂದ ಕೇಳಿದ ಹೆಸರು

ಮೊನ್ನೆ ಬೀದಿಯಲ್ಲಿ ಯಾರದೋ ಮನೆಯಿಂದ ಗುರೆಳ್ಳು ಹುರಿಯುವ ವಾಸನೆ ಬಂತು. ನಡೆಯುತ್ತಿದ್ದವನು ಹಾಗೇ ನಿಂತೆ. ಪಕ್ಕದ ಮನೆಯ ಅಕ್ಕಾರು ನೆನಪಾದರು...

ಎಪ್ಪತ್ತರ ದಶಕ. ಚಿತ್ರದುರ್ಗದಲ್ಲಿ ನಾನು ಬಾಡಿಗೆಗಿದ್ದ ಕೋಣೆಯ ಪಕ್ಕದ ಮನೆ ಅವರದು. ಯಜಮಾನರು ಶಿರಸ್ತೇದಾರರು, ಮೀಸೆಯೂ ಅದೇ ದರ್ಜೆಯದು. ಹೆಸರು ಹೇಳಿದರೆ ಗಂಡನ ಆಯುಸ್ಸು ಸವೆಯುತ್ತದೆಂದು ಅಕ್ಕಾರು ಬಲವಾಗಿ ನಂಬಿದ್ದರು. ರೇಷನ್ ಕಾರ್ಡಿನವರು ಬಂದು ಕೇಳಿದಾಗಲೂ ಗೋಡೆಯಾಚೆಯಿಂದ ನನ್ನನ್ನೇ ಕೂಗಿದ್ದರು: "ತಮ್ಮಾ, ನಮ್ಮನೆಯೋರ ಹೆಸ್ರು ಒಂಚೂರು ಹೇಳ್ ಬರ್ರಿ." ಹೀಗೆ ಆ ಆಯುಸ್ಸಿನ ಸಂರಕ್ಷಣೆಯಲ್ಲಿ ನನ್ನದೂ ಅಳಿಲುಸೇವೆಯಿತ್ತು.

ಒಂದು ಭಾನುವಾರ ಬುತ್ತಿ ಕಟ್ಟಿಕೊಂಡು ಮೂವರೂ ಜೋಗಿಮಟ್ಟಿ ಕಾಡಿಗೆ ಹೋದೆವು. ಅಲ್ಲಿನ ಹಳೆಯ ಕಾವಲು ಗೋಪುರವನ್ನು ಪರಿಶೀಲಿಸದೆ ಬಿಡುವುದು ಶಿರಸ್ತೇದಾರರ ಘನತೆಗೆ ಒಪ್ಪುವಂಥದ್ದಲ್ಲ. ಅವರು ಹತ್ತಿದರು, ಹಿಂದೆ ನಾನು. ಅಕ್ಕಾರು ಕೆಳಗೆ ರೊಟ್ಟಿ, ಗುರೆಳ್ಳು ಚಟ್ನಿಯ ಗಂಟು ಬಿಚ್ಚುತ್ತಿದ್ದರು.

"ಅಗಾ, ಹಿರಿಯೂರು ದಿಕ್ಕು ನೋಡಪ್ಪ!" ಎಂದು ಕೈ ಚಾಚಿದ ಯಜಮಾನರು, ನನಗೆ ಜಾಗ ಬಿಡಲು ಹಿಂದಹಿಂದಕ್ಕೆ ಸರಿದರು. ಅವರ ಬೆನ್ನ ಹಿಂದೆ ನೆಲದ ಹಲಗೆ ಗೆದ್ದಲು ತಿಂದು ಜೋಲುತ್ತಿತ್ತು. ಅದು ಕಂಡದ್ದು ಕೆಳಗಿದ್ದ ಅಕ್ಕಾರಿಗೆ ಮಾತ್ರ.

"ರೀ... ಏನ್ರೀ!"

"ತಡಿಯೇ, ಬಂದೆ." ಮತ್ತೂ ಹಿಂದಕ್ಕೆ ಕಾಲೆತ್ತಿದರು.

ಆಗ ಕೇಳಿತು, ಗಂಡನ ಹೆಸರು. ಹಿಂದೆ ಮುಂದೆ ಏನೂ ಇಲ್ಲದ ಬರಿಯ ಹೆಸರು, ಕಾಡಿಗೆ ಕಾಡೇ ಬೆಚ್ಚುವಂತೆ.

ಯಜಮಾನರು ಕಲ್ಲಾದರು. ಎತ್ತಿದ ಕಾಲಿನ ಚಪ್ಪಲಿ ಕಳಚಿ ಆ ಹಲಗೆಯ ಮೇಲೆ ಬಿತ್ತು. ಹಲಗೆ ಅಷ್ಟಕ್ಕೇ ಮುರಿದು, ಚಪ್ಪಲಿ ಸಮೇತ ಕೆಳಗಿನ ಬಂಡೆಗಪ್ಪಳಿಸಿ ಚೂರಾಯಿತು. ನಾನು ಅವರ ತೋಳು ಹಿಡಿದೆ.

ಇಳಿದು ಬಂದರೆ ಅಕ್ಕಾರು ಬಾಯಿಗೆ ಸೆರಗೊತ್ತಿ ಕುಸಿದು ಕೂತಿದ್ದರು. ಹಲಗೆಯತ್ತ ನೋಡಲೂ ಇಲ್ಲ.

"ಹೆಸ್ರು ಹೇಳ್ಬಿಟ್ನಲ್ಲಾ ತಮ್ಮಾ... ಆಯುಸ್ಸು ನಾನೇ ಕಳದ್ನಲ್ಲಾ!"

"ಉಳಿಸಿದ್ರಿ, ಅಕ್ಕಾರೆ" ಎಂದೆ. ಕಿವಿಗೆ ಬೀಳಲಿಲ್ಲ. ಪ್ರಾಯಶ್ಚಿತ್ತಕ್ಕೆಂದು ಶುರುವಾದ ಸೋಮವಾರದ ಒಪ್ಪತ್ತು ಕೊನೆಯವರೆಗೂ ನಿಲ್ಲಲಿಲ್ಲ.

ಅಕ್ಕಾರೇ ಮೊದಲು ಹೋದರು. ಮಾತಾಡಿಸಲು ಹೋದಾಗ ಯಜಮಾನರ ಮೀಸೆ ಪೂರ್ತಿ ಬೆಳ್ಳಗಾಗಿತ್ತು.

"ನಮ್ಮವ್ವ ಹೋದ್ ಮ್ಯಾಲೆ ಹಂಗೆ ಕರದೋಳು ಅವ್ಳೊಬ್ಳೇ ಕಣಪ್ಪ. ಇನ್ನೊಂದ್ಸಲ ಕರಿಯೇ ಅಂತ ಎಷ್ಟ್ ವರ್ಷ ಕೇಳ್ಕಂಡೆ... ಕರೀಲೇ ಇಲ್ಲ."

ಯಾರನ್ನೂ ಏನನ್ನೂ ಕೇಳಿಕೊಂಡ ಮನುಷ್ಯರಲ್ಲ ಅವರು.

ಈಗ ಅವರೂ ಇಲ್ಲ. ಕಾಯಬೇಕಾದ ಆಯುಸ್ಸೂ ಇಲ್ಲ. ಆದರೂ ಆ ಹೆಸರನ್ನು ಇಲ್ಲಿ ಬರೆಯಲು ನನಗೆ ಕೈ ಏಳುತ್ತಿಲ್ಲ...