ತಾತಯ್ಯನ ವಯಸ್ಸು

ಡಾಕ್ಟರ್ ಹೈಮವತಿಗೆ ಹೇಸಿಗೆ ಎಂಬುದೇ ಗೊತ್ತಿಲ್ಲ ಎಂದು ರಾಜಮಂಡ್ರಿಯ ಆಸ್ಪತ್ರೆಯಲ್ಲಿ ಎಲ್ಲರೂ ನಂಬಿದ್ದರು. ನಂಬದೆ ಏನು ಮಾಡಿಯಾರು? ಗೋದಾವರಿಯಲ್ಲಿ ತೇಲಿ ಬಂದ, ಉಬ್ಬಿ ಗುರುತು ಸಿಗದಂತಾದ ಹೆಣವನ್ನು ಕೊಯ್ದು ನೋಡಿ, ಕೈ ತೊಳೆದುಕೊಂಡು, ಪಕ್ಕದ ಕೋಣೆಯಲ್ಲೇ ಕೂತು ಗೋಂಗೂರ ಪಚ್ಚಡಿ ಕಲಸಿ ಉಣ್ಣುತ್ತಿದ್ದ ಹೆಂಗಸು ಅದು. ಜೊತೆಗೆ ಓದಿದವರೆಲ್ಲ ಹೃದಯ, ಕಣ್ಣು, ಹೆರಿಗೆ ಎಂದು ಹಂಚಿಕೊಂಡು ಹೋದಾಗ ಅವಳ ಪಾಲಿಗೆ ಉಳಿದದ್ದು ಶವಾಗಾರ. ಒಮ್ಮೆ ಅಮಲಾಪುರದಿಂದ ಹೆಣ್ಣು ನೋಡಲು ಬಂದವರು ಹುಡುಗಿಯ ಕೆಲಸವೇನೆಂದು ತಿಳಿದ ಕೂಡಲೇ ಅವಳು ತಂದಿಟ್ಟ ತಟ್ಟೆಯನ್ನು ಮುಟ್ಟದೆ ಎದ್ದು ಹೋದರು. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಹೈಮವತಿ ತಟ್ಟೆಯಲ್ಲಿದ್ದ ಉದ್ದಿನುಂಡೆಗಳನ್ನೆಲ್ಲ ತಾನೇ ತಿಂದು ಮುಗಿಸಿದಳು.

ಹೆಣವನ್ನು ಮನೆಯವರಿಗೆ ಒಪ್ಪಿಸುವ ಮುಂಚೆ ಬಾಗಿಲಲ್ಲಿ ನಿಂತವರಿಗೆ ಅವಳು ಒಂದು ಪ್ರಶ್ನೆ ಕೇಳಲೇಬೇಕಿತ್ತು. "ನೀವು ಇವರಿಗೆ ಏನಾಗಬೇಕು?" ತಾಯಿ ಅನ್ನುತ್ತಿದ್ದರು, ಅಣ್ಣ ಅನ್ನುತ್ತಿದ್ದರು. ಸುಟ್ಟುಹೋದ ಸೊಸೆಯ ಮಾವ "ನಮ್ಮ ಹುಡುಗೀನೇ" ಎಂದು ನೆಲ ನೋಡುತ್ತಿದ್ದ. ಉತ್ತರ ಬಂದ ಬಗೆಯಲ್ಲೇ ಅವಳಿಗೆ ಅರ್ಧ ಕೇಸು ಅರ್ಥವಾಗಿಬಿಡುತ್ತಿತ್ತು. ಮದುವೆಯಾಗದೆ, ಬಡ್ತಿಗಾಗಿ ಯಾರ ಕಾಲೂ ಹಿಡಿಯದೆ, ಆ ಬಾಗಿಲಲ್ಲೇ ಕೂದಲು ಬೆಳ್ಳಗಾಗಿಸಿಕೊಂಡು ಅವಳು ನಿವೃತ್ತಳಾದಳು. ಸಹಪಾಠಿಗಳು ಅವಳಿಗಿಟ್ಟ ಹೆಸರು ಹೆಣದ ಹೈಮ.

ಆ ಸಹಪಾಠಿಗಳನ್ನೆಲ್ಲ ಗುಡ್ಡೆ ಹಾಕಿದವನು ಸರ್ಜನ್ ಜೋಗಾರಾವು. ನರ್ಸಿಂಗ್ ಹೋಮ್ ಅಳಿಯನ ಕೈಗೆ ಕೊಟ್ಟು, ರಾವುಲಪಾಲೆಂ ಹತ್ತಿರ ಕಾಲುವೆಯ ದಂಡೆಯ ಮೇಲೆ ಅರಮನೆಯಂಥದ್ದನ್ನು ಕಟ್ಟಿಸಿ, ಅದನ್ನು ತೋರಿಸಲು ಬ್ಯಾಚನ್ನೇ ಊಟಕ್ಕೆ ಕರೆದಿದ್ದ. ಹೈಮವತಿಗೆ ಹೋಗುವ ಮನಸ್ಸಿರಲಿಲ್ಲ. ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದ ಕಾಮೇಶ್ವರಿ ಬಿಡಬೇಕಲ್ಲ. ಅವಳು ಅರಿವಳಿಕೆ ಡಾಕ್ಟರು. ಜನರನ್ನು ಮಲಗಿಸಿಯೇ ಬದುಕಿದವಳು, ತಾನು ಮಾತ್ರ ಬಾಯಿ ಮುಚ್ಚಿದವಳಲ್ಲ.

"ಬರ್ದೇ ಇದ್ರೆ ನೋಡು, ಎಲ್ಲಾರ್ನೂ ನಿನ್ನ ಮನೆಗೇ ಕರ್ಕೊಂಡು ಬರ್ತೀನಿ. ಅನ್ನ ಬಸಿದು ಬಸಿದು ಸಾಯ್ತೀಯ."

ಹೋದ ಕೂಡಲೇ ಎಲ್ಲರ ಹೆಗಲಿಗೂ ಒಂದೊಂದು ಜರತಾರಿ ಶಾಲು ಬಿತ್ತು. ಆಮೇಲೆ ಶುರುವಾಯಿತು ಮೈಕಿನ ಕಾಟ. ಒಬ್ಬೊಬ್ಬರೂ ಎದ್ದು ಇಷ್ಟು ವರ್ಷದ ಸುದ್ದಿ ಹೇಳಬೇಕು, ನಿವೃತ್ತಿ ಹೇಗೆ ಕಳೆಯುತ್ತಿದೆ ಎಂದು ಹೇಳಬೇಕು. ಒಬ್ಬ ತನ್ನ ಎರಡೂ ಮೊಣಕಾಲು ಬದಲಾಯಿಸಿಕೊಂಡ ಕತೆಯನ್ನು ಯುದ್ಧ ಗೆದ್ದವನಂತೆ ಹೇಳಿದ. ಇನ್ನೊಬ್ಬ ಬೆಳಗಿನ ಸಕ್ಕರೆ ಎಷ್ಟು, ಸಂಜೆಯದು ಎಷ್ಟು ಎಂದು ಓದಿದ. ಹೃದಯದ ಡಾಕ್ಟರೊಬ್ಬ ಮೈಕನ್ನು ಬಾಯಿಗೆ ಒತ್ತಿಕೊಂಡು, "ಸ್ಟೆಂಟ್ ಬೇಕಾದೋರಿಗೂ ಹಾಕ್ದೆ, ಬೇಡ್ದೇ ಇರೋರಿಗೂ ಹಾಕ್ದೆ. ದೇವರ ದಯ, ಎಲ್ಲಾ ಗಟ್ಟಿಮುಟ್ಟಾಗಿದಾರೆ!" ಎಂದ. ಬಿದ್ದು ಬಿದ್ದು ನಕ್ಕರು, ಚಪ್ಪಾಳೆ ತಟ್ಟಿದರು. ಹೈಮವತಿಯ ಮೈ ಉರಿಯಿತು. ಇಂಥವರ ಕೈಕೆಲಸ ಕೆಟ್ಟಾಗ ತನ್ನ ಮೇಜಿಗೆ ಬಂದು ಮಲಗಿದವರ ಮುಖಗಳು ಅವಳಿಗೆ ನೆನಪಿದ್ದವು. ನಗುವವರ ಬಾಯೊಳಗಿನ ಚಿನ್ನದ ಹಲ್ಲುಗಳನ್ನು ನೋಡುತ್ತ, ಎದ್ದು ಹೋಗಲು ನೆವ ಹುಡುಕುತ್ತ ಕೂತಳು.

ಕೆಲಸದಾಕೆ ಬಟ್ಟಲಲ್ಲಿ ಗೋಡಂಬಿ ತಂದಿಟ್ಟಳು. ಮೋರಿ ಎಂಬ ಊರಿನ ಹೆಸರುವಾಸಿ ಗೋಡಂಬಿ, ತುಪ್ಪದಲ್ಲಿ ಹುರಿದು ಉಪ್ಪು ಖಾರ ಉದುರಿಸಿದ್ದು. ಹೈಮವತಿ ಮೈಕಿನ ಕಡೆ ಕಣ್ಣಿಟ್ಟೇ ಎರಡು ಬಾಯಿಗೆ ಹಾಕಿಕೊಂಡಳು. ಚೆನ್ನಾಗಿತ್ತು. ಮತ್ತೆ ಕೈಯಿಟ್ಟಳು. ಬಟ್ಟಲು ತೆಂಗಿನ ಚಿಪ್ಪಿನದಿರಬೇಕು ಎಂದುಕೊಂಡಿದ್ದಳು. ಒಳಗೆ ಬೆರಳಿಗೆ ಸಣ್ಣ ಸಣ್ಣ ಕಾಲುವೆಗಳು ಸಿಕ್ಕವು, ಎಲೆಯ ನರಗಳಂತೆ ಕವಲೊಡೆದವು. ತಲೆಯೊಳಗೆ ರಕ್ತನಾಳ ಹರಿದ ಜಾಗ ಮೂಳೆಯ ಮೇಲೆ ಬಿಟ್ಟ ಗುರುತು ಅದು. ಕಣ್ಣು ನೋಡುವ ಮುಂಚೆ ಬೆರಳು ತಿಳಿದುಕೊಂಡಿತ್ತು.

"ಏನೋ ಇದು, ಜೋಗಾ?"

"ಈಗ ಗೊತ್ತಾಯ್ತಾ? ನಮ್ಮ ತಾತಯ್ಯ ಕಣೇ! ತಲೆಯ ಮುಚ್ಚಳ ನಿನ್ನ ಕೈಲಿದೆ, ಮಿಕ್ಕಿದ್ದು ಅಲ್ಲಿದೆ ನೋಡು."

ಮದ್ಯದ ಬಾಟಲಿಗಳ ಸಾಲಿನ ನಡುವೆ ತಲೆಬುರುಡೆ ಕೂತಿತ್ತು. ಮೇಲೊಂದು ಹಡಗಿನ ಕ್ಯಾಪ್ಟನ್ನನ ಟೋಪಿ, ದವಡೆಯಲ್ಲಿ ಚುಟ್ಟ. ಕಣ್ಣಿನ ಗುಳಿಗಳಲ್ಲಿ ನೀಲಿ ಬಲ್ಬುಗಳು ಹತ್ತಿ ಆರುತ್ತಿದ್ದವು.

ಮೆಡಿಕಲ್ ಕಾಲೇಜಿನ ಮೊದಲ ವರ್ಷದಲ್ಲಿ ಮೂಳೆಗಳ ಪೆಟ್ಟಿಗೆಯೊಂದನ್ನು ನಾಲ್ವರು ಹಂಚಿಕೊಂಡಿದ್ದರು. ಹೈಮವತಿ, ಕಾಮೇಶ್ವರಿ, ಜೋಗಾರಾವು ಮತ್ತು ಮುಂದೆ ಮಕ್ಕಳ ಡಾಕ್ಟರಾದ ಮಸ್ತಾನ್. ಸೀನಿಯರ್ ಒಬ್ಬನಿಂದ ಬಂದ ಪೆಟ್ಟಿಗೆ. ಅವನಿಗೆ ಎಲ್ಲಿಂದ ಬಂತು, ಯಾರದ್ದು ಎಂದು ಯಾರೂ ಕೇಳಲಿಲ್ಲ. ಬುರುಡೆಗೆ ಮುಂದಿನ ಹಲ್ಲುಗಳಿರಲಿಲ್ಲ, ಅದಕ್ಕೇ ತಾತಯ್ಯ. ಸ್ನಾಯು ಶುರುವಾಗುವ ಕಡೆ ಕೆಂಪು, ಬಂದು ಅಂಟುವ ಕಡೆ ನೀಲಿ ಎಂದು ಅದರ ಮೇಲೆ ಬಣ್ಣದ ಮಸಿಯಲ್ಲಿ ಗೆರೆ ಎಳೆದವಳು ಹೈಮವತಿಯೇ. ಪರೀಕ್ಷೆಯ ದಿನ ಕುಂಕುಮವಿಟ್ಟು "ತಾತಯ್ಯಾ, ಪಾಸು ಮಾಡ್ಸಪ್ಪಾ" ಎಂದು ನಾಲ್ವರೂ ಕೈ ಮುಗಿಯುತ್ತಿದ್ದರು. ಓದು ಮುಗಿದಾಗ ಬುರುಡೆ ಜೋಗಾರಾವುವಿನ ಹತ್ತಿರವೇ ಉಳಿದಿತ್ತು.

ಅವಳು ಎದ್ದು ಹೋಗಿ ಟೋಪಿ ಕಿತ್ತು ಪಕ್ಕಕ್ಕಿಟ್ಟು, ಬುರುಡೆಯನ್ನು ಕೈಗೆತ್ತಿಕೊಂಡು ಮಗುಚಿ ನೋಡಿದಳು. ತನ್ನ ಕೆಂಪು ಗೆರೆ, ತನ್ನ ನೀಲಿ ಗೆರೆ ಹಾಗೇ ಇದ್ದವು. ಆದರೆ ಗೆರೆ ಎಳೆದ ಹುಡುಗಿಗೆ ಕಾಣದ್ದು ಈಗ ಮುದುಕಿಗೆ ಕಂಡಿತು. ಒಮ್ಮೆ ಕಂಡ ಮೇಲೆ ಕಣ್ಣು ಕೀಳಲಾಗಲಿಲ್ಲ. ನಾಲಿಗೆಯ ಮೇಲಿದ್ದ ಉಪ್ಪು ಕಹಿಯಾಯಿತು.

"ಇದನ್ನ ನನಗೆ ಕೊಟ್ಬಿಡು ಜೋಗಾ. ಮಣ್ಣು ಮಾಡ್ತೀನಿ."

"ಸರಿಹೋಯ್ತು! ಜನ್ಮ ಎಲ್ಲಾ ಹೆಣ ಕೊಯ್ದಿದ್ದು ಸಾಲ್ಲಿಲ್ವಾ ತಾಯಿ ನಿಂಗೆ? ತಾತಯ್ಯ ನನ್ನ ಅದೃಷ್ಟ ಕಣೇ. ಇವನನ್ನ ಮೇಜಿನ ಮೇಲಿಟ್ಟ ದಿನದಿಂದ ನನ್ನ ಬಾಗ್ಲಲ್ಲಿ ಪೇಷೆಂಟ್ ಕಮ್ಮಿ ಆಗಿಲ್ಲ. ಕೇಳೋದಾದ್ರೆ ಬೇರೆ ಏನಾದ್ರೂ ಕೇಳು."

"ಬೇರೆ ಏನೂ ಬೇಡ."

"ಹಾಗಾದ್ರೆ ಸುದ್ದಿ ಹೇಳು, ನಿನ್ನ ಸರದಿ," ಎಂದು ಅವನು ಮೈಕನ್ನು ಅವಳ ಕೈಗೆ ತುರುಕಿದ. "ಹೆಣದ ಹೈಮ ಮಾತಾಡ್ತಾಳಂತೆ, ಎಲ್ಲಾ ಮೂಗು ಮುಚ್ಕೊಳ್ರಪ್ಪಾ!"

ಮತ್ತೆ ನಗು. ಹೈಮವತಿ ಮೈಕ್ ಹಿಡಿದಳು. ಇನ್ನೊಂದು ಕೈಯಲ್ಲಿ ಬುರುಡೆಯನ್ನು ಸೊಂಟದ ಮೇಲೆ ಕೂಸನ್ನು ಕೂರಿಸಿಕೊಂಡಂತೆ ಹಿಡಿದಿದ್ದಳು.

"ನಂದೇನೂ ಸುದ್ದಿ ಇಲ್ಲ. ಸುದ್ದಿ ಹೇಳ್ದೇ ಇರೋರು ಇಲ್ಲಿ ಇನ್ನೊಬ್ರಿದಾರೆ. ಅವರದ್ದು ನಾನು ಹೇಳ್ತೀನಿ."

ಯಾರೋ ಸಿಳ್ಳೆ ಹೊಡೆದರು.

"ಹಲ್ಲಿಲ್ಲ ಅಂತ ತಾತಯ್ಯ ಅಂದ್ವಿ. ಬದುಕಿದ್ದಾಗ ಹಲ್ಲು ಬಿದ್ರೆ ಗುಳಿ ತುಂಬ್ಕೊಳ್ಳತ್ತೆ. ಇಷ್ಟೂ ಗೊತ್ತಿಲ್ದೇ ಡಾಕ್ಟರಾದ್ವಿ. ಇಲ್ನೋಡಿ, ಗುಳಿಗಳೆಲ್ಲಾ ಬಾಯ್ಬಿಟ್ಕೊಂಡಿವೆ, ಅಂಚು ಚೂಪಾಗೇ ಇದೆ. ಈ ಹಲ್ಲುಗಳು ಬಿದ್ದಿದ್ದು ಸತ್ತ ಮೇಲೆ, ಎಲ್ಲೋ ಮೂಟೆ ಕಟ್ಟಿ ಎತ್ತಿ ಹಾಕಿದಾಗ. ದವಡೆ ಹಲ್ಲು ನೋಡಿ, ಒಂಚೂರೂ ಸವೆದಿಲ್ಲ. ಸವೆಯೋಷ್ಟು ದಿನ ಊಟಾನೇ ಮಾಡಿಲ್ಲ. ಮಸ್ತಾನ್, ಬಾ ಇಲ್ಲಿ. ಜನ್ಮ ಎಲ್ಲಾ ಮಕ್ಕಳ ಬಾಯಿ ತೆರೆಸಿ ನೋಡಿದೋನು ನೀನು. ನೋಡಿ ಹೇಳು."

ಎಲ್ಲರಿಗಿಂತ ಗಟ್ಟಿಯಾಗಿ ನಗುತ್ತಿದ್ದವನು ಮಸ್ತಾನ್. ನಗುತ್ತಲೇ ಬಂದು ಕನ್ನಡಕ ಹಾಕಿಕೊಂಡ. ಕೊನೆಯ ದವಡೆ ಹಲ್ಲಿನ ಹಿಂದೆ ಬೆರಳಾಡಿಸಿದ. ಬುರುಡೆಯನ್ನು ಮಗುಚಿ, ತಳದಲ್ಲಿ ಎರಡು ಮೂಳೆ ಇನ್ನೂ ಕೂಡಿಕೊಳ್ಳದೆ ಉಳಿದ ಸೀಳನ್ನು ನೋಡಿದ. ಅವನ ನಗು ಎಲ್ಲಿ ನಿಂತಿತೋ ಅವನಿಗೇ ತಿಳಿಯಲಿಲ್ಲ.

"ಬುದ್ಧಿಹಲ್ಲು ಹುಟ್ಟೇ ಇಲ್ಲ ಹೈಮಾ."

"ವಯಸ್ಸು?"

"ಹದಿನಾಲ್ಕು," ಎಂದ ಮಸ್ತಾನ್. "ತಪ್ಪಿದ್ರೆ ಹದಿನೈದು." ಹತ್ತಿರದ ಕುರ್ಚಿ ಎಳೆದುಕೊಂಡು ಕೂತುಬಿಟ್ಟ.

"ಹುಡುಗೀನಾ?" ಕಾಮೇಶ್ವರಿ ಕೇಳಿದಳು.

"ಈ ವಯಸ್ಸಿನ ತಲೆ ಒಂದನ್ನೇ ನೋಡಿ ಅದನ್ನ ಹೇಳಕ್ಕಾಗಲ್ಲ," ಎಂದಳು ಹೈಮವತಿ. "ಮಗು ಅಂತ ಹೇಳ್ಬಹುದು. ಕೋರ್ಟಲ್ಲೂ ಹೇಳ್ತೀನಿ."

ಕಾಮೇಶ್ವರಿ ಬಾಯಲ್ಲಿದ್ದದ್ದನ್ನು ಅಂಗೈಗೆ ಉಗಿದುಕೊಂಡಳು. ಗೋಡಂಬಿಯ ಹಿಟ್ಟು ಬೆರಳ ಸಂದಿಯಲ್ಲಿ ಇಳಿಯಿತು. ಅದನ್ನು ಎಲ್ಲಿ ಒರೆಸುವುದೆಂದು ತಿಳಿಯದೆ ಕೈ ಚಾಚಿಕೊಂಡೇ ನಿಂತಳು.

ಜೋಗಾರಾವು ಎಲ್ಲರ ಮುಖ ನೋಡಿದ. ಊಟದ ಮನೆಯ ಕಳೆ ಕೆಡುತ್ತಿದೆ ಎಂಬುದಷ್ಟೇ ಅವನಿಗೆ ಅರ್ಥವಾದದ್ದು. "ಅಯ್ಯೋ, ಅಷ್ಟೇನಾ! ತಾತಯ್ಯ ಬೇಡ ಅಂದ್ರೆ ಮೊಮ್ಮಗ ಅಂತ ಕರೆಯೋಣ ಬಿಡ್ರೋ!"

ಮೂರು ನಾಲ್ಕು ಜನ ನಕ್ಕರು. ನಿಜವಾಗಿ ನಕ್ಕರು. ಕೊಳೆತ ಹೆಣದ ಮುಂದೆ ಎಂದೂ ಕೈ ಮೂಗಿಗೆ ಹೋಗದ ಹೈಮವತಿಗೆ ಅವರು ಬಿಟ್ಟ ಉಸಿರೇ ಮೈಗೆ ತಗುಲಿದಂತಾಯಿತು, ಎರಡು ಹೆಜ್ಜೆ ಹಿಂದೆ ಸರಿದಳು. ಇವರ ಕೈಗೆ ಎಷ್ಟು ಊರುಗಳ ಜನ ನಾಡಿ ಕೊಟ್ಟಿರಬಹುದು ಎಂದು ಎಣಿಸಿ ಅವಳಿಗೆ ಅಸಹ್ಯವಾಯಿತು.

ಅವಳು ಮೈಕನ್ನು ಮೇಜಿನ ಮೇಲೆ ಕುಕ್ಕಿ, ಬಟ್ಟಲನ್ನು ಬಿಳಿ ಮೇಜುಬಟ್ಟೆಯ ಮೇಲೆ ಬೋರಲು ಹಾಕಿ ಗೋಡಂಬಿ ಸುರಿದಳು. ಮಸ್ತಾನ್ ಎದ್ದು ಬಂದು ಕಣ್ಣಿನ ಗುಳಿಗಳಿಂದ ಬಲ್ಬುಗಳನ್ನು ಒಂದೊಂದಾಗಿ ಬಿಡಿಸಿದ. ಹೆಗಲ ಮೇಲಿನ ಜರತಾರಿ ಶಾಲು ತೆಗೆದು ಹೈಮವತಿ ಎಲ್ಲವನ್ನೂ ಅದರಲ್ಲಿ ಸುತ್ತಿದಳು.

"ನನ್ನ ಮನೆ ವಸ್ತು ಎತ್ಕೊಂಡು ಹೋಗ್ತಿದೀಯಾ," ಎಂದ ಜೋಗಾರಾವು. ಈಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ಪೊಲೀಸ್ನೋರಿಗೆ ಫೋನ್ ಮಾಡು. ಬಂದೋರ ಹತ್ರ ವಸ್ತು ಅನ್ನು. ಹೆಂಗೆ ಅಂತೀಯೋ ನೋಡ್ತೀನಿ."

ಅವನು ಅವಳನ್ನು ದುರುಗುಟ್ಟಿ ನೋಡಿ, ಹೆಗಲು ಕುಣಿಸಿದ. "ತಗೊಂಡು ಹೋಗು. ನಂಗೇನು ಬರ. ಬೇಕಾದ್ರೆ ಇನ್ನೊಂದು ತರಿಸ್ತೀನಿ."

ಅಷ್ಟರಲ್ಲಿ ಮೊಣಕಾಲಿನವನು ಕರೆದ. "ಬನ್ರೋ, ಪುಲಸ ಆರಿ ಹೋಗ್ತಿದೆ!" ವರ್ಷಕ್ಕೊಮ್ಮೆ ಹೊಳೆಗೆ ಕೆಂಪು ನೀರು ಬಂದಾಗ ಮಾತ್ರ ಸಿಗುವ ಮೀನು. ಬ್ಯಾಚಿಗೆ ಬ್ಯಾಚೇ ಎದ್ದು ಊಟದ ಕೋಣೆಗೆ ನುಗ್ಗಿತು. ಗೇಟಿನವರೆಗೆ ಬಂದವನು ಮಸ್ತಾನ್ ಒಬ್ಬನೇ. ಕಾಮೇಶ್ವರಿ ಬಾಗಿಲವರೆಗೆ ಬಂದು, ತಿರುಗಿ ನೋಡಿ, ಒಳಗೇ ಉಳಿದಳು.

ಮನೆಗೆ ಬಂದು ಹೈಮವತಿ ಬುರುಡೆಯನ್ನು ಬಿಸಿನೀರು, ಸೀಗೆಪುಡಿಯಲ್ಲಿ ತೊಳೆದಳು. ತುಪ್ಪದ ಜಿಡ್ಡು ಹೋಯಿತು, ಚುಟ್ಟದ ಕಮಟು ಹೋಯಿತು. ಅವಳೇ ಎಳೆದಿದ್ದ ಕೆಂಪು ನೀಲಿ ಗೆರೆ ಹೋಗಲಿಲ್ಲ. ಉಗುರಿನಿಂದ ಕೆರೆದಳು, ನಿಂಬೆಹಣ್ಣು ಉಜ್ಜಿದಳು, ಕೊನೆಗೆ ಸುಮ್ಮನಾದಳು. ಶವಾಗಾರದ ತನ್ನ ಹಳೆಯ ಕುರ್ಚಿಯಲ್ಲಿ ಈಗ ಕೂತಿರುವ ಹುಡುಗನಿಗೆ ಫೋನ್ ಮಾಡಿದಳು. ಪೊಲೀಸರಿಗೆ ತಿಳಿಸುವುದು, ವಾರಸುದಾರರಿಲ್ಲದವರ ಪಟ್ಟಿಗೆ ಸೇರಿಸುವುದು, ಕಾಗದಪತ್ರ ಎಲ್ಲವನ್ನೂ ಅವನು ಮಾಡಿಕೊಟ್ಟ.

ಊರ ಹೊರಗೆ ಅನಾಥರನ್ನು ಹೂಳುವ ಜಾಗಕ್ಕೆ ಅವಳೇ ಹೋದಳು. ಅಲ್ಲಿಯ ಕಾವಲಿನವನು ಹೊಸಬ, ಅವಳನ್ನು ಕಂಡವನಲ್ಲ. ಕೊಡ ಇಡುವಷ್ಟು ಅಗಲದ ಗುಂಡಿ ತೋಡಿದ್ದ. ಶಾಲಿನ ಗಂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಒಳಗಿಟ್ಟು, ಸೊಂಟ ನೆಟ್ಟಗೆ ಮಾಡಿಕೊಂಡು ಕೇಳಿದ.

"ಚಿಕ್ಕ ಮಗು ಅಂದ್ರಲ್ಲಾ. ನೀವು ಆ ಮಗೂಗೆ ಏನಾಗ್ಬೇಕಮ್ಮಾ?"

ಇಷ್ಟು ವರ್ಷ ತಾನೇ ಕೇಳಿದ ಪ್ರಶ್ನೆ. ಸುಟ್ಟುಹೋದ ಸೊಸೆಯಂದಿರ ಮಾವಂದಿರ ಹಾಗೇ ಅವಳೂ ನೆಲ ನೋಡಿದಳು.

"ಜೊತೇಲಿ ಓದಿದ್ವಿ," ಎಂದಳು.

ಅವನು ಅವಳ ಬಿಳಿ ತಲೆ ನೋಡಿದ, ಗುಂಡಿ ನೋಡಿದ, ಮಣ್ಣೆಳೆದ. ಅವಳ ನಾಲಿಗೆಯ ಮೇಲೆ ಆ ಗೋಡಂಬಿಯ ಉಪ್ಪು ಮತ್ತೆ ಬಂತು. ಡಾಕ್ಟರ್ ಹೈಮವತಿ ಕಾಂಪೌಂಡಿನ ಗೋಡೆ ಹಿಡಿದುಕೊಂಡು ಬಗ್ಗಿ, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿಕೊಂಡಳು.