ಭದ್ರಾವತಿಯ ವಸೂಲಿ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಶಿವಮೊಗ್ಗದ ಒಂದು ಔಷಧ ಸಗಟು ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ವಿದ್ಯಾನಗರದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಅಂಗಡಿಯಲ್ಲಿ ದಿನವಿಡೀ ಮಾತಾಡಿದರೂ ಅದೆಲ್ಲ ಬ್ಯಾಚ್ ನಂಬರು, ಎಕ್ಸ್‌ಪೈರಿ ತಾರೀಖಿನ ಮಾತು. "ಊಟ ಆಯ್ತಾ?" ಎಂದು ಕೇಳುವವರು ಒಬ್ಬರೇ ಇದ್ದರು, ಅವರೂ ಭದ್ರಾವತಿಯಲ್ಲಿ.

ಅಲ್ಲಿನ ಒಂದು ಸಣ್ಣ ನರ್ಸಿಂಗ್ ಹೋಮಿಗೆ ನಮ್ಮಿಂದ ಔಷಧ ಹೋಗುತ್ತಿತ್ತು. ಪ್ರತಿ ಮಂಗಳವಾರ ಬಸ್ಸಿನಲ್ಲಿ ಹೋಗಿ ಚೆಕ್ ತರುವುದು ನನ್ನ ಕೆಲಸ. ಔಷಧದ ಸ್ಟೋರ್ ನೋಡಿಕೊಳ್ಳುತ್ತಿದ್ದವರು ನನಗಿಂತ ಹತ್ತು ವರ್ಷ ದೊಡ್ಡವರು, ಕಾರ್ಖಾನೆ ಕೆಲಸಕ್ಕೆಂದು ಬಂದು ನೆಲೆಸಿದ ತಮಿಳು ಮನೆತನದ ಹೆಂಗಸು. ಡಾಕ್ಟರ ಸಹಿಗೆ ಕಾಯುವಾಗ ಅವರು ತಮ್ಮ ಡಬ್ಬಿಯ ಮುಚ್ಚಳಕ್ಕೆ ಹುಳಿಯನ್ನ ಹಾಕಿ ನನ್ನ ಮುಂದೆ ತಳ್ಳುತ್ತಿದ್ದರು. "ತಿನ್ನಿ ಸಾರ್, ಚೆಕ್ ಎಲ್ಲಿಗೂ ಓಡಿಹೋಗಲ್ಲ."

ಬರಬರುತ್ತಾ ಚೆಕ್ಕೇ ತಡವಾಗತೊಡಗಿತು. ರೋಗಿಗಳು ಡಾಕ್ಟರಿಗೆ ಕಂತಿನಲ್ಲಿ ಕೊಡುತ್ತಿದ್ದರು, ಡಾಕ್ಟರು ನಮಗೆ ಮೂರು ತಿಂಗಳಿಗೆ ಕೊಡುತ್ತಿದ್ದರು. ನಮಗೆ ಮಾಲು ಕೊಡುವ ಕಂಪನಿ ಮಾತ್ರ ಮೂರು ವಾರವೂ ಕಾಯುತ್ತಿರಲಿಲ್ಲ. ಒಂದು ದಿನ ನಮ್ಮ ಯಜಮಾನರು, "ಇನ್ಮೇಲೆ ಅವರಿಗೆ ಸ್ಟಾಕ್ ಇಲ್ಲ ಅಂತ ಹೇಳಿಬಿಡು ಮಾರಾಯ" ಎಂದರು.

ಹೋಗಿ ಹೇಳಿದೆ.

"ಇನ್ಸುಲಿನ್ನೂ ಇಲ್ವಾ ಸಾರ್?"

"ಇಲ್ಲ."

ನಮ್ಮ ಫ್ರಿಜ್ಜಿನ ತುಂಬ ಇನ್ಸುಲಿನ್ ಇತ್ತು. ಅವತ್ತೂ ಅವರು ಮುಚ್ಚಳಕ್ಕೆ ಅನ್ನ ಹಾಕಿದರು. ನಾನು ಎರಡು ತುತ್ತು ತಿಂದು ಮುಚ್ಚಳವನ್ನು ಹಿಂದಕ್ಕೆ ತಳ್ಳಿದೆ.

ಮರುದಿನವೇ ಅಂಗಡಿಯ ಖಾತೆಯಿದ್ದ ಬ್ಯಾಂಕಿಗೆ ಹೋಗಿ ಈ ಬಾಕಿಯ ತೊಡಕು ಹೇಳಿದೆ. ಮ್ಯಾನೇಜರು ದಾರಿ ತೋರಿಸಿದರು. "ತೊಂಬತ್ತು ದಿನಕ್ಕೆ ಕೊಡ್ತೀನಿ ಅಂತ ಡಾಕ್ಟರು ಬಿಲ್ಲಿನ ಮೇಲೆ ಸಹಿ ಹಾಕ್ಲಿ. ಬಡ್ಡಿ ಹಿಡ್ಕೊಂಡು ನಿಮ್ಮ ಅಂಗಡಿಗೆ ಈಗ್ಲೇ ದುಡ್ಡು ಕೊಡ್ತೀವಿ. ಅವ್ರು ಆಮೇಲೆ ನಮಗೆ ಕಟ್ಟಲಿ." ಬಡ್ಡಿ ಯಾರು ಹೊರಬೇಕು ಎಂಬುದರಲ್ಲಿ ಒಂದು ತಿಂಗಳು ಕಳೆಯಿತು. ಕೊನೆಗೆ ಅರ್ಧ ಯಜಮಾನರು, ಅರ್ಧ ಡಾಕ್ಟರು ಅಂತಾಯಿತು.

ಫ್ಲಾಸ್ಕಿನಲ್ಲಿ ಐಸ್ ತುಂಬಿ ಮೊದಲ ಇನ್ಸುಲಿನ್ ನಾನೇ ಒಯ್ದೆ.

"ಸ್ಟಾಕ್ ಬಂತಾ ಸಾರ್?"

"ಮೊದ್ಲೇ ಇತ್ತು ಅಮ್ಮ. ಸುಳ್ಳು ಹೇಳಿದ್ದೆ."

"ಗೊತ್ತು. ಪಕ್ಕದ ಮೆಡಿಕಲ್‌ನೋರು ಆ ವಾರ ನಿಮ್ಮಲ್ಲಿಂದ್ಲೇ ಇನ್ಸುಲಿನ್ ತಂದಿದ್ರು. ಒಬ್ಬ ಅಜ್ಜಿಗೆ ಅರ್ಜೆಂಟಿತ್ತು, ನಾನೇ ಕೈಯಿಂದ ದುಡ್ಡು ಕೊಟ್ಟು ತಗೊಂಡೆ." ಬೈಯಲಿಲ್ಲ. ಸೀಸೆಗಳನ್ನು ಎಣಿಸಿ ಒಳಗಿಟ್ಟರು.

ಹೊಸ ವ್ಯವಸ್ಥೆ ಚೆನ್ನಾಗಿಯೇ ನಡೆಯಿತು. ಮಾಲು ಟೆಂಪೋದಲ್ಲಿ, ಬಿಲ್ಲು ಅದರ ಜೊತೆಗೆ, ದುಡ್ಡು ಬ್ಯಾಂಕಿನಲ್ಲಿ. "ಒಳ್ಳೆ ಕೆಲಸ ಮಾಡಿದೆ. ಇನ್ನು ನೀನು ಅಲ್ಲೀತನಕ ಅಲೆಯೋದು ಬೇಡ" ಎಂದರು ಯಜಮಾನರು. ಇದನ್ನು ನಾನು ಯೋಚಿಸಿಯೇ ಇರಲಿಲ್ಲ.

ಎರಡು ತಿಂಗಳು ಕಳೆದ ಮೇಲೆ ಒಂದು ಮಂಗಳವಾರ ರಜೆ ಹಾಕಿ ಭದ್ರಾವತಿಗೆ ಹೋದೆ. ಸ್ಟೋರಿನ ಮುಂದೆ ಜನ ಕಿಕ್ಕಿರಿದಿದ್ದರು. ನನ್ನನ್ನು ಕಂಡು ಆ ಅಮ್ಮ ಗಾಬರಿಯಾದರು.

"ಏನಾದ್ರೂ ಬಾಕಿ ಉಳ್ಕೊಂಡಿದೆಯಾ ಸಾರ್?"

"ಇಲ್ಲ, ಸುಮ್ನೆ ಈ ಕಡೆ ಬಂದಿದ್ದೆ."

ಸಮಾಧಾನದಿಂದ ನಕ್ಕು, ಮುಂದಿನವರ ಚೀಟಿಗೆ ಕೈ ಚಾಚಿದರು. ಸ್ವಲ್ಪ ಹೊತ್ತು ನಿಂತಿದ್ದು ಬಸ್ ಸ್ಟ್ಯಾಂಡಿಗೆ ನಡೆದೆ.

ವರ್ಷದ ಮೇಲೆ ಒಂದು ಬಿಲ್ಲಿನಲ್ಲಿ ಮಾಲು ಮುಟ್ಟಿದ್ದಕ್ಕೆ ಆ ಅಮ್ಮನ ಸಹಿಯ ಬದಲು ಬೇರೆಯವರ ಸಹಿ ಇತ್ತು. ಫೋನ್ ಮಾಡಿದೆ. ಅವರು ಕೆಲಸ ಬಿಟ್ಟು ಸೇಲಂನ ಮಗಳ ಮನೆಗೆ ಹೋದರಂತೆ.

"ನೀವು ಯಾರು ಮಾತಾಡ್ತಿರೋದು?" ಎಂದು ಆ ಕಡೆಯ ಹೊಸ ದನಿ ಕೇಳಿತು.

ಅಂಗಡಿಯ ಹೆಸರು ಹೇಳಿ ಫೋನ್ ಇಟ್ಟೆ.